ಮುಳುಗಿದ ಓಣಿಗಳ ಮೇಲೆ

ಅಂದು ಹಿನ್ನೀರಿನಲ್ಲಿ ನಿಜವಾಗಿ ಏನು ನಡೆಯಿತೆಂದು ಖಚಿತವಾಗಿ ಹೇಳಲಾರೆ. ನಾನು ಭೌತಶಾಸ್ತ್ರ ಓದಿದವನು. ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗ ನನ್ನ ನೆನಪನ್ನೇ ಪೂರ್ತಿ ನಂಬಲಾಗುತ್ತಿಲ್ಲ.

ಗಲಗಲಿಯ ಹತ್ತಿರದ ನಮ್ಮ ಹಳೆಯ ಊರು ನೀರಿನಡಿ ಹೋದದ್ದು ನಾನು ಹುಟ್ಟುವ ಮೊದಲು. ಬೀರಪ್ಪ ಕಾಕಾ ಇಂದಿಗೂ ದೋಣಿ ನಡೆಸುವುದು ಆ ಊರಿನ ಲೆಕ್ಕದಲ್ಲೇ. ಬಡಿಗೇರ ಓಣಿ ಬಂದಾಗ ಬಲಕ್ಕೆ, ಚಾವಡಿಯ ಬಳಿ ಎಡಕ್ಕೆ. ಇಲ್ಲದಿದ್ದರೆ ಮುಳುಗಿದ ಗೋಡೆಗೆ ಬಡಿದು ದೋಣಿ ಒಡೆಯುತ್ತದೆ.

ಎಂ.ಎಸ್ಸಿ. ರಜೆಯಲ್ಲಿ ಅವನ ಹೊಲದ ಮನೆಗೆ ಹೋಗಿದ್ದೆ. ಹಡಗೇರಿ ಹೋದ ಹುಡುಗನೊಬ್ಬ ಬಿರುಗಾಳಿಗಳ ನಡುವೆ ಗಂಡಸಾಗುವ ಕಾದಂಬರಿಯೊಂದನ್ನು ಕೆಳಗಿಡದೆ ಓದುತ್ತಿದ್ದೆ.

“ಪುಸ್ತಕದಾಗ ಸಮುದ್ರ ದಾಟ್ತಿ, ನಮ್ಮ ಹೊಳ್ಯಾಗ ಹುಟ್ಟ ಹಾಕಾಕ ಬರಂಗಿಲ್ಲ. ಎಂಥಾ ಕಪ್ತಾನಲೇ ನೀ?” ಎಂದು ಕಾಕಾ ಕಾಡಿಸಿದ.

ಮರುದಿನ ನಸುಕಿನಲ್ಲಿ ಅವನ ಮಗಳು ಲಕ್ಕವ್ವಕ್ಕನಿಗೆ ಹೆರಿಗೆ ನೋವು ಶುರುವಾಯಿತು. ಸುತ್ತ ನೀರು; ಆಚೆ ದಂಡೆಗೆ ಜಮಖಂಡಿಯ ಆಟೋ ಕರೆಸಿದ್ದೆವು. ಮೂವರೂ ದೋಣಿ ಹತ್ತಿದೆವು. ಸಕ್ಕರೆ ಕಾಯಿಲೆಯ ಕಾಕಾ ಗುಳಿಗೆ ನುಂಗಿದ್ದ, ಗಡಿಬಿಡಿಯಲ್ಲಿ ಏನೂ ತಿಂದಿರಲಿಲ್ಲ. ನಡುನೀರಿನಲ್ಲಿ ಬೆವತು, ಕಣ್ಣುಕತ್ತಲಾಗಿ ದೋಣಿಯಲ್ಲೇ ಬಿದ್ದುಬಿಟ್ಟ. ಹುಟ್ಟು ನನ್ನ ಕೈಗೆ ಬಂತು. ಮಂಜಿನಲ್ಲಿ ದೋಣಿಯ ಮುಂತುದಿಯೂ ಕಾಣುತ್ತಿರಲಿಲ್ಲ. ಅಕ್ಕ ನರಳುತ್ತಿದ್ದಳು.

ಆಗ ಮುಂದಿನಿಂದ ಮುದುಕನೊಬ್ಬನ ದನಿ: “ಬಡಿಗ್ಯಾರ ಓಣಿ ಬಂತು. ಬಲಕ್ಕ ಹೊಳ್ಳಸು.”

ಹೊರಳಿಸಿದೆ.

“ಚಾವಡಿ. ಎಡಕ್ಕ.” ಸ್ವಲ್ಪ ಹೊತ್ತಿಗೆ, ಗದರಿದಂತೆ: “ಏ, ಮುಂದ ಕಲ್ಲಗಂಬ ಐತಿ! ಸುತ್ತ ಹಾಕ್ಕೊಂಡು ಹೋಗು!”

ರಟ್ಟೆ ಹರಿಯುವಂತೆ ಹುಟ್ಟು ಹಾಕಿದೆ. ಆಮೇಲೆ ಕೇಳಿಸಿದ್ದು ಆಟೋದ ಹಾರ್ನು. “ಬಂದ್ವಿ! ಬಂದ್ವಿ!” ಎಂದು ಕೂಗಿದೆ. ಅಂಥ ಗೆಲುವಿನ ಕೂಗು ಮತ್ತೆಂದೂ ನನ್ನ ಬಾಯಿಂದ ಬಂದಿಲ್ಲ. ಆಟೋದವನು ಓಡಿಬಂದು ಕಾಕಾನ ಬಾಯಿಗೆ ಸಕ್ಕರೆ ಹಾಕಿದ, ಕಾಕಾ ಕಣ್ಣುಬಿಟ್ಟ. ಮಧ್ಯಾಹ್ನದೊಳಗೆ ಜಮಖಂಡಿಯ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಕಾಕಾ ಪೇಢೆ ಹಂಚುತ್ತ, “ನಮ್ಮ ಹುಡುಗ ದಾಟಿಸಿದಾನ್ರಿ!” ಎಂದು ವಾರ್ಡಿಗೆಲ್ಲ ಸಾರಿದ.

ಆ ದನಿಯ ಬಗ್ಗೆ ಅಕ್ಕನನ್ನು ಕೇಳಿದೆ. “ಯಾರ ದನಿಯೋ ತಮ್ಮಾ? ನೀನ ಒದರಾಕತ್ತಿದ್ದಿ, ಓಣಿ ಹೆಸರ ಹೇಳ್ಕೋತ.”

ಇರಬಹುದು. ಓಣಿಯ ಹೆಸರುಗಳನ್ನು ಕಾಕಾನ ಬಾಯಲ್ಲಿ ಕೇಳಿದ್ದೇನೆ. ಕಂಬದ ಮಾತನ್ನು ಮಾತ್ರ ಅವನು ಎಂದೂ ಆಡಿದ್ದಿಲ್ಲ. “ಚಾವಡಿ ದಾಟಿದ ಮ್ಯಾಲೆ ನಾ ಸೀದಾ ಹೊಕ್ಕೀನಿ, ನೀ ಅಷ್ಟು ಎಡಕ್ಕ ಯಾಕ ಹೋದಿ?” ಎಂದು, ನಾನು ಬಂದ ದಾರಿ ವಿವರಿಸಿದಾಗ, ನನ್ನನ್ನೇ ಕೇಳಿದ.

ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಕಾಲ್ನಡಿಗೆಯಲ್ಲಿ ಹೋಗಿ ನೋಡಿದೆ. ಚಾವಡಿಯ ಅಡಿಪಾಯದಿಂದ ಎಡಕ್ಕೆ ಮೂವತ್ತು ಹೆಜ್ಜೆ. ತಲೆ ಮುರಿದ ಕಲ್ಲುಗಂಬ, ನನಗಿಂತ ಎತ್ತರ, ಅಲ್ಲಿ ನಿಂತಿತ್ತು.