ಸುಜಾತಾಬಾಯಿಯ ಹಳೇ ಲ್ಯಾಪ್‌ಟಾಪು

ಮೊನ್ನೆ ಮಗನ ಲಗ್ನಪತ್ರಿಕೆಗಳ ಕಟ್ಟು ಪ್ರೆಸ್ಸಿನಿಂದ ಬಂತು. ನನ್ನ ಹೆಂಡತಿ ಜಮಖಾನದ ಮೇಲೆ ಕುಳಿತು ಒಂದೊಂದರ ಮೂಲೆಗೂ ಅರಿಶಿನ ಹಚ್ಚತೊಡಗಿದಳು. ಅರಿಶಿನದ ಜೊತೆಗೆ ಹೊಸ ಶಾಯಿಯ ವಾಸನೆ ಸೇರಿದರೆ ಏನಾಗುತ್ತದೆಂದು ನಿಮಗೂ ಗೊತ್ತು. ಲಗ್ನಕ್ಕೆ ಇನ್ನೂ ಹದಿನೆಂಟು ದಿನ ಇದ್ದರೂ ಮನೆ ಆಗಲೇ ಲಗ್ನದ ಮನೆಯಾಗಿಬಿಡುತ್ತದೆ. ಮೊದಲನೆಯ ಪತ್ರಿಕೆ ದೇವರಿಗೆ, ಎರಡನೆಯದು ಸೋದರಮಾವನಿಗೆ, ಅದು ನಮ್ಮ ಮನೆಯ ಪದ್ಧತಿ. ಮೂರನೆಯದನ್ನು ನಾನೇ ಎತ್ತಿಕೊಂಡು ಪೆನ್ನು ತೆರೆದೆ. "ಅದು ಯಾರಿಗ್ರೀ?" ಎಂದಳು. ಹೆಸರು ಹೇಳಿದೆ. ಅವಳು ನನ್ನ ಮುಖ ನೋಡಿದಳು, ಮತ್ತೇನೂ ಕೇಳದೆ ಆ ಪತ್ರಿಕೆಯ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ಕೊಟ್ಟಳು.

ಹೆಸರು ಸುಜಾತಾಬಾಯಿಯದು. ನಮ್ಮ ಬಳಗದವರಲ್ಲ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಪಾತ್ರೆ ಅಂಗಡಿಯ ಮಹಡಿಯ ಮೇಲೆ ಕುಳಿತು, ಇಪ್ಪತ್ತು ವರ್ಷ ಊರವರ ಲಗ್ನಪತ್ರಿಕೆ ಟೈಪ್ ಮಾಡಿದವರು. ಮೂಲ ಘೋಣಸಗಿ, ಊರ ಹೊರಗಿನ ಕೇರಿ. ಒಂದು ಪತ್ರಿಕೆಗೆ ಕಡಿಮೆಯೆಂದರೆ ನಾಲ್ಕು ಮಂದಿ ಆ ಕಡಿದಾದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಾಕಾನ ಹೆಸರು ಮೇಲೋ, ದೊಡ್ಡಪ್ಪನ ಅಳಿಯನ ಹೆಸರು ಮೇಲೋ ಎಂಬ ಜಗಳ ಶುರುವಾದರೆ ಸುಜಾತಾಬಾಯಿ ಕೀಲಿಮಣೆಯಿಂದ ಕೈ ತೆಗೆದು, "ಮೆಟ್ಟಲ ಮ್ಯಾಲ ನಿಂತು ಜಗಳಾ ಮುಗಿಸಿಕೊಂಡು ಬರ್ರಿ. ಇಲ್ಲಿ ಬರೇ ಹೆಸರ ಹೇಳ್ರಿ" ಎನ್ನುತ್ತಿದ್ದರು. ಟೈಪ್ ಆದದ್ದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿ ತಪ್ಪು ಹುಡುಕುತ್ತಿದ್ದರು. ಮೇಲಿನಿಂದ ಓದಿದರೆ ಕಣ್ಣು ಅರ್ಥದ ಬೆನ್ನು ಹತ್ತಿ ಓಡಿಬಿಡುತ್ತದಂತೆ. ಇನ್ನೂ ಒಂದು ನೇಮವಿತ್ತು. ಪತ್ರಿಕೆ ಅಚ್ಚಾದ ಮೇಲೆ ತಪ್ಪು ಕಂಡರೂ ಬಾಯಿ ಬಿಡಬಾರದು. "ಛಾಪಾ ಆದ ಮ್ಯಾಲ ಹೇಳಿ ಏನ ಮಾಡೂದ್ರಿ? ಲಗ್ನದ ಮನಿಯವರ ನಿದ್ದಿ ಕೆಡತೈತಿ, ತಪ್ಪ ಅಲ್ಲೇ ಇರತೈತಿ."

ನನ್ನ ಮಗಳ ಪತ್ರಿಕೆಯೂ ಅವರ ಕೈಯಲ್ಲೇ ಆಯಿತು. ಅದಕ್ಕೆ ಈಗ ಹತ್ತು ವರ್ಷ. ನಾನಾಗ ನೀರಾವರಿ ಕಚೇರಿಯಲ್ಲಿ ಇಂಜಿನಿಯರು. ಏಳು ಸಲ ಪ್ರೂಫ್ ತಿದ್ದಿಸಿದೆ. ಕಾರಣ ಕೇಳಿದರೆ ನೀವು ನಗುತ್ತೀರಿ, ನಗಿರಿ. ನನ್ನ ಹೆಸರು, ಪದವಿ, ಹುದ್ದೆ ಮೂರೂ ಒಂದೇ ಸಾಲಿನಲ್ಲಿ ಹಿಡಿಯಬೇಕಿತ್ತು. ಇದು ಮಗಳ ಲಗ್ನವೋ ನಿಮ್ಮ ಬಡ್ತಿಯೋ ಎಂದು ಹೆಂಡತಿ ಕೇಳಿದ್ದಳು.

ಹೋದ ವರ್ಷ ಮಳೆಗಾಲದ ಹೊತ್ತಿಗೆ ಸುಜಾತಾಬಾಯಿ ಸೊಲ್ಲಾಪುರ ರಸ್ತೆಯ ನಮ್ಮ ಮನೆ ಹುಡುಕಿಕೊಂಡು ಬಂದರು. ಈಗ ಪತ್ರಿಕೆ ಮೊಬೈಲಿನಲ್ಲೇ ತಯಾರಾಗುತ್ತದಲ್ಲ, ಅಂಗಡಿ ಮುಚ್ಚಿತ್ತು. ಟಿಕೋಟಾದಲ್ಲಿ ಶಿಕ್ಷಕಿಯಾಗಿರುವ ತಂಗಿಯ ಮಗಳ ಮನೆಯಲ್ಲಿ ಅವರು ಇದ್ದರು. ಬಗಲಲ್ಲಿ ಟವೆಲ್ಲಿನಲ್ಲಿ ಸುತ್ತಿದ ಲ್ಯಾಪ್‌ಟಾಪು. ನಿವೃತ್ತಿಯ ಮೇಲೆ ನಾನು ಓಣಿಯ ಕಂಪ್ಯೂಟರ್ ಡಾಕ್ಟರನಾದ ಸುದ್ದಿ ಅಲ್ಲಿಯತನಕ ಹೋಗಿತ್ತು. ಹೋಗದೆ ಏನು, ಎರಡು ಯಂತ್ರ ಬದುಕಿಸಿ ಇಪ್ಪತ್ತು ಮಂದಿಗೆ ಹೇಳಿಕೊಂಡವನು ನಾನು.

"ಬಟನ್ ಒತ್ತಿ ಚಹಾಕ್ಕ ಇಟ್ಟು, ಚಹಾ ಕುಡದು, ಕಪ್ ತೊಳದು ಬಂದ್ರೂ ಇದಕ್ಕ ಎಚ್ಚರಾಗಿರೂದಿಲ್ರಿ" ಎಂದರು. "ಗುಜರಿಗಿ ಹಾಕ ಅಂತಾರ ಎಲ್ಲಾರೂ. ಆದ್ರ ಇದರಾಗ ನಂದೊಂದು ಫೈಲ್ ಐತಿ. ಮಶೀನ ಹೋದ್ರ ಹೋಗ್ಲಿ ಸಾಹೇಬ್ರ, ಅದು ಹೋಗಬಾರದು."

ಏನು ಫೈಲು ಎಂದು ಕೇಳಿದೆ. "ನಾ ಬರದದ್ದು" ಎಂದರು, ಸ್ವಲ್ಪ ಸಂಕೋಚದಿಂದ. ಹನ್ನೆರಡು ವರ್ಷ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಬರೆದದ್ದು. ಇನ್ನೊಂದು ಪ್ರತಿ ಎಲ್ಲೂ ಇಲ್ಲ. ತಂಗಿಯ ಮಗಳು ಅದನ್ನೊಂದು ಸಣ್ಣ ಪುಸ್ತಕ ಮಾಡಿಸೋಣ ಎಂದಿದ್ದಳು, ಕೊನೆಯ ನಾಲ್ಕು ಹಾಳೆ ಬರೆಯುವುದು ಉಳಿದಿತ್ತು. ಬೇರೆ ಯಂತ್ರದಲ್ಲಿ ಬರೆಯಬಾರದೇ ಎಂದರೆ, "ಇದರ ಕೀಲಿ ನನ್ನ ಬೆರಳಿಗಿ ಗೊತ್ತದಾವ್ರಿ, ಬ್ಯಾರೇದು ಬರಂಗಿಲ್ಲ" ಎಂದುಬಿಟ್ಟರು. ನಾನು ಎದೆ ಮುಟ್ಟಿಕೊಂಡು, ಫೈಲಿಗೆ ನಾನು ಜವಾಬ್ದಾರ ಎಂದೆ.

ಯಂತ್ರ ಸತ್ತಿರಲಿಲ್ಲ, ಹೊತ್ತ ಹೊರೆ ಹೆಚ್ಚಾಗಿತ್ತು. ವಿಂಡೋಸ್ ತೆಗೆದು ಹಗುರವಾದ ಆಪರೇಟಿಂಗ್ ಸಿಸ್ಟಂ ಹಾಕಿದರೆ ಇಂಥವು ಎದ್ದು ಓಡಾಡುತ್ತವೆ. ಲಿನಕ್ಸ್‌ನಲ್ಲಿ ಅಂಥವು ಹತ್ತಾರು ಬಗೆ, ಎಲ್ಲವೂ ಪುಕ್ಕಟೆ. ಪೆನ್‌ಡ್ರೈವಿಗೆ ಹಾಕಿಕೊಂಡು, ಯಂತ್ರದಲ್ಲಿರುವುದನ್ನು ಮುಟ್ಟದೆ, ಮೊದಲು ನಡೆಸಿ ನೋಡಲೂ ಬರುತ್ತದೆ. ನಾನು ಮೂರನ್ನು ಇಳಿಸಿಕೊಂಡೆ. ಒಂದರ ಗುರುತು ಪುದೀನದ ಎಲೆ, ಒಂದರದು ನಾಯಿಮರಿ, ಇನ್ನೊಂದರದು ಹಕ್ಕಿಯ ಗರಿ. ಪುದೀನ ನೋಡಲು ಬಲು ಚಂದ, ಆದರೆ ಎರಡು ಜಿಬಿ ನೆನಪಿನ ಆ ಮುದಿ ಯಂತ್ರ ಅದನ್ನು ಹೊತ್ತು ಏದುಸಿರು ಬಿಟ್ಟಿತು. ನಾಯಿಮರಿ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತು, ಆದರೆ ಅದರಲ್ಲಿ ಒಂದೂ ಇದ್ದಲ್ಲಿ ಇಲ್ಲ, ಬೇರೆಯವರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಹುಡುಕಿದಂತಾಯಿತು. ಹೀಗೆ ಹಾಕಿ ತೆಗೆದು ಹದಿನೈದು ದಿನ ಕಳೆದೆ.

"ನನ್ನ ನೋಡಾಕ ಬಂದಾಗ ಅರ್ಧಾ ತಾಸಿನ್ಯಾಗ ಹೂಂ ಅಂದಿದ್ರಿ" ಎಂದಳು ಹೆಂಡತಿ. "ಈ ಡಬ್ಬಿಗಿ ಹದಿನೈದು ದಿನಾ ಬೇಕಾತೇನು?"

ಕಡೆಗೆ ಗರಿಯೇ ಗೆದ್ದಿತು. ಹಗುರ, ಮೈಕಟ್ಟು ಹಳೆಯದರಂತೆಯೇ. ಸುಜಾತಾಬಾಯಿಯ ಫೈಲನ್ನು ಒಂದಲ್ಲ, ಎರಡು ಪೆನ್‌ಡ್ರೈವಿಗೆ ಇಳಿಸಿದೆ. ಹಳೆಯದನ್ನೆಲ್ಲ ಪೂರ್ತಿ ಅಳಿಸಿದೆ. ಹೊಸದನ್ನು ಕೂಡಿಸಿದೆ. ಚಹಾದ ನೀರು ಕುದಿಯುವ ಮೊದಲೇ ಯಂತ್ರ ಎದ್ದು ಕೂತಿತು. ಮೀಸೆಯಿದ್ದಿದ್ದರೆ ಅವತ್ತು ತಿರುವುತ್ತಿದ್ದೆ.

ಆಮೇಲೆ ಫೈಲು ತೆರೆದೆ. ಅದರಲ್ಲಿ ಒಂದೂ ಕನ್ನಡ ಅಕ್ಷರವಿರಲಿಲ್ಲ. ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು, ಸಣ್ಣ ಸೊನ್ನೆ, ವರ್ತುಲದೊಳಗೆ ಕೂತ ಆರ್. ಅರವತ್ತು ಪುಟ ಅದೇ ಕಸ. ಎರಡನೆಯ ಪೆನ್‌ಡ್ರೈವಿನಲ್ಲೂ ಅದೇ. ಯಪ್ಪಾ, ಕಿತ್ತು ಮತ್ತೆ ಚುಚ್ಚಿದೆ, ಮತ್ತೂ ಅದೇ. ಅಳಿಸುವ ಮೊದಲು ಆ ಫೈಲನ್ನೊಮ್ಮೆ ಹೊಸದರಲ್ಲಿ ತೆರೆದು ನೋಡಬೇಕಿತ್ತು. ಹದಿನೈದು ದಿನ ಬಣ್ಣ ನೋಡಿದೆ, ವೇಗ ನೋಡಿದೆ, ಅದೊಂದನ್ನು ನೋಡಲಿಲ್ಲ. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದು, ಕನ್ನಡದ್ದೇನಿದ್ದರೂ ಟೈಪಿಸ್ಟರ ಮೇಜಿಗೆ ನೂಕಿದವನಿಗೆ ಕನ್ನಡ ಅಕ್ಷರ ಯಂತ್ರದೊಳಗೆ ಹೇಗೆ ಕೂಡುತ್ತದೆಂದು ಗೊತ್ತಿರಲೇ ಇಲ್ಲ.

ಫೋನು ಬಂದಾಗ "ಕೆಲಸ ನಡದೈತ್ರಿ" ಎಂದು ಸುಳ್ಳು ಹೇಳಿದೆ. ಮತ್ತೆ ಬಂದಾಗ ಮತ್ತೆ ಹೇಳಿದೆ. ಎಂಟು ದಿನ ಊಟ ರುಚಿಸಲಿಲ್ಲ. "ಹೋಗಿ ಹೇಳಿ ಬರ್ರಿ, ಹೊಡ್ಯಾಂಗಿಲ್ಲ ಆಕಿ" ಎಂದು ಹೆಂಡತಿ ಗದರಿದ ಮೇಲೆ ಒಂಬತ್ತನೆಯ ದಿನ ಲ್ಯಾಪ್‌ಟಾಪನ್ನು ಅದೇ ಟವೆಲ್ಲಿನಲ್ಲಿ ಸುತ್ತಿಕೊಂಡು ಟಿಕೋಟಾದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೆಪ ಜೋಡಿಸಿದೆ. ವೈರಸ್ ಇತ್ತು, ಡಿಸ್ಕು ಹಳೆಯದು, ಕರೆಂಟು ಹೋಯಿತು. ಸುಜಾತಾಬಾಯಿಯ ಪಡಸಾಲೆಯಲ್ಲಿ, ಬುದ್ಧನ ಚಿತ್ರದ ಕೆಳಗೆ ಕುಳಿತ ಮೇಲೆ ಒಂದೂ ಬಾಯಿಗೆ ಬರಲಿಲ್ಲ.

"ನಿಮ್ಮ ಫೈಲ್ ಕೆಡಿಸೇನ್ರಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಯಂತ್ರವನ್ನು ಎಳೆದುಕೊಂಡರು. ನೋಡಿದರು, ಇನ್ನಷ್ಟು ಹತ್ತಿರದಿಂದ ನೋಡಿದರು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು.

"ಅಕ್ಷರ ಎಲ್ಲೀ ಹೋಗಿಲ್ರಿ ಸಾಹೇಬ್ರ. ಮೈಮ್ಯಾಲಿನ ಅರಿವಿ ಕಳದು ಬತ್ತಲೆ ನಿಂತಾವ, ಅಷ್ಟ." ಬೆರಳಿಟ್ಟು ತೋರಿಸಿದರು. "ಇಂಗ್ಲಿಷ್ ಗುರುತಿಗಿ ನಮ್ಮ ಹಳೇ ಫಾಂಟು ಕನ್ನಡದ ಅರಿವಿ ತೊಡಸತಿತ್ತು. ನೀವು ಫಾಂಟ್ ಅಳಿಸೀರಿ, ಒಳಗಿಂದು ಕಂಡೈತಿ. ಪೌಂಡ್ ಐತೆಲ್ಲ, ಅದು ನ. ಈ ವರ್ತುಲದಾಗಿನ ಆರ್, ಲ. ಪ್ರೆಸ್ಸಿನಾಗ ದಿನಾ ಹಿಂಗ ಆಗತಿತ್ತು, ನಾವು ಹಿಂಗ ಓದತಿದ್ವಿ."

ನಂಬುತ್ತೀರೋ ಬಿಡುತ್ತೀರೋ, ಆ ಕಸವನ್ನು ಅವರು ಗಟ್ಟಿಯಾಗಿ ಓದಿದರು, ನಾವು ಪೇಪರು ಓದುವಂತೆ. ಟೈಪ್ ಮಾಡಿದ ಒಂದೊಂದು ಲಗ್ನಪತ್ರಿಕೆಗೂ ನಾಲ್ಕಾರು ಸಾಲು ಬರೆದಿದ್ದರು. "ಬಬಲೇಶ್ವರದ ಮನೆ. ಹೆಸರಿನ ಜಗಳದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಹುಡುಗಿ ಒಬ್ಬಳೇ ಬಂದು ಇಬ್ಬರ ಹೆಸರೂ ಒಂದೇ ಸಾಲಿನಲ್ಲಿ ಹಾಕಿಸಿದಳು. ಕರೆದರು. ಹೋಳಿಗೆ ಇತ್ತು." ಇನ್ನೊಂದು: "ಮಗ ತೀರಿದ ಮೇಲೆ ಸೊಸೆಗೆ ಎರಡನೇ ಲಗ್ನ ಮಾಡುವ ಮಾವ. ತಾನೇ ಬರೆದು ತಂದಿದ್ದ, ಒಂದೂ ತಪ್ಪಿರಲಿಲ್ಲ. ಕರೆಯಲಿಲ್ಲ." ಪ್ರತಿಯೊಂದರ ಕೊನೆಗೂ ಹೀಗೆ ಒಂದು ಮಾತು, ಕರೆದರು ಅಥವಾ ಕರೆಯಲಿಲ್ಲ. ಕರೆಯಲಿಲ್ಲ ಎಂಬುದೇ ಬಹಳ. ಪಕ್ಕದಲ್ಲಿ ಕುಳಿತು ಕೇಳುತ್ತ ಕೇಳುತ್ತ ಆ ಒಂದು ಶಬ್ದದ ಬಾಲ ನನ್ನ ಕಣ್ಣಿಗೂ ಗುರುತಾಯಿತು. ಒಂದು ಸಣ್ಣ ಸೊನ್ನೆ, ಅದರ ಪಕ್ಕ ವರ್ತುಲದೊಳಗಿನ ಆರ್.

ಒಂದು ಕಡೆ ಅವರು ತಡೆದರು. ಆರೇಳು ಸಾಲು ಬಿಟ್ಟು ಮುಂದಿನದಕ್ಕೆ ಹೋದರು.

"ಅದ್ಯಾರದ್ರಿ?" ಎಂದೆ.

"ಬ್ಯಾಡ ಬಿಡ್ರಿ, ಸಾಹೇಬ್ರ."

ಬಿಟ್ಟ ಸಾಲುಗಳ ಕೊನೆಯಲ್ಲಿ ಸಣ್ಣ ಸೊನ್ನೆ ಇತ್ತು, ಅದರ ಪಕ್ಕ ಆರ್ ಇತ್ತು. ಓದಿರಿ ಎಂದೆ. ಅವರು ಓದಿದರು. "ನೀರಾವರಿ ಸಾಹೇಬರ ಮಗಳ ಪತ್ರಿಕೆ. ಏಳು ಸಲ ಪ್ರೂಫ್ ತಿದ್ದಿಸಿದರು. ಎಂಟನೇ ಸಲ ತಾವೇ ಕೆಳಗಿಳಿದು ಚಹಾ ತಂದುಕೊಟ್ಟರು. ಒಳ್ಳೆಯ ಮನುಷ್ಯ. ಹುಡುಗಿಯ ಹೆಸರು ಚಂದ. ಸಾವಿರ ಪತ್ರಿಕೆ. ಕರೆಯಲಿಲ್ಲ."

ಮರೆತಿದ್ದೆ ಎಂದೆ. ಅದು ಆ ವಾರದ ಮೂರನೆಯ ಸುಳ್ಳು. ಮರೆಯಬೇಕಾದರೆ ಮೊದಲು ನೆನಪಾಗಿರಬೇಕಲ್ಲ. ಮಹಡಿಯ ಕೆಳಗಿನ ಪಾತ್ರೆ ಅಂಗಡಿಯವನಿಗೆ ಪತ್ರಿಕೆ ಕೊಟ್ಟಿದ್ದೆ, ಅರಿಶಿನ ಹಚ್ಚಿದ್ದನ್ನೇ. ಅಲ್ಲಿಂದ ಹದಿನಾರು ಮೆಟ್ಟಿಲು ಹತ್ತಲಿಲ್ಲ. ಯಾಕೆಂದು ನಿಮಗೂ ಗೊತ್ತು, ನನಗೂ ಗೊತ್ತು, ಅವರಿಗಂತೂ ಯಾವತ್ತೋ ಗೊತ್ತಿತ್ತು. ನಾಚಿಕೆಯಿಂದ ಕುಗ್ಗಿಹೋದೆ.

"ಚಹಾ ಆರತೈತಿ, ಕುಡೀರಿ" ಎಂದರು ಸುಜಾತಾಬಾಯಿ. ಟ್ರಂಕಿನಲ್ಲಿ ಸೀರೆಗಳ ಅಡಿ ಹಳೆಯ ಪೆನ್‌ಡ್ರೈವೊಂದಿತ್ತು, ಅದರಲ್ಲಿ ಫಾಂಟಿತ್ತು. ಹಾಕಿದೆ. ಅರವತ್ತು ಪುಟವೂ ಒಂದೇ ಉಸಿರಿಗೆ ಕನ್ನಡವಾದವು. ಕೀಲಿಗಳ ಜೋಡಣೆಯನ್ನೂ ಹಳೆಯಂತೆಯೇ ಮಾಡಿಕೊಟ್ಟೆ. ಅವರು ಮೊದಲ ಸಾಲು ಹೊಡೆದು, "ಹಗರಾಗೈತ್ರಿ ಮಶೀನ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಮಾತ್ರ ಏನೂ ಹಗುರಾಗಲಿಲ್ಲ.

ಉಳಿದ ನಾಲ್ಕು ಹಾಳೆಯನ್ನು ಅವರು ಬರೆದು ಮುಗಿಸಿದ್ದಾರೆ. ಪುಸ್ತಕ ಮುಂದಿನ ತಿಂಗಳು ಪ್ರೆಸ್ಸಿಗೆ ಹೋಗುತ್ತದೆ. ನಿನ್ನೆ ನಾವಿಬ್ಬರೂ ಆ ಮೂರನೆಯ ಪತ್ರಿಕೆ ಹಿಡಿದು ಟಿಕೋಟಾಕ್ಕೆ ಹೋದೆವು. ಹೆಂಡತಿ ಬುದ್ಧನ ಚಿತ್ರ ನೋಡಿ, ಕುಂಕುಮ ಹಚ್ಚಲೋ ಬೇಡವೋ ಎಂದು ಅನುಮಾನಿಸಿ, ಕಡೆಗೆ ಎರಡೂ ಕೈ ಹಿಡಿದು "ಲಗ್ನಕ್ಕ ಬರಬೇಕ್ರಿ" ಎಂದಳು. ಸುಜಾತಾಬಾಯಿ ಪತ್ರಿಕೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದರು.

"ಒಂದ ತಪ್ಪೈತಿ" ಎಂದರು.

"ಎಲ್ಲಿರಿ?"

"ಹೇಳೂದಿಲ್ಲ. ಛಾಪಾ ಆಗೈತಿ."

ನಕ್ಕೆವು. ಆ ನಗುವಿನ ಸಂದಿಯಲ್ಲಿ ನಾನು, ಬಹಳ ಜಾಣನಂತೆ, "ನಿಮ್ಮ ಪುಸ್ತಕ ಇನ್ನೂ ಛಾಪಾ ಆಗಿಲ್ಲಲ್ರಿ" ಎಂದೆ. ಕರೆಯಲಿಲ್ಲ ಎಂಬುದನ್ನು ತೆಗೆಸುವ ನನ್ನ ಆಸೆ ಅವರಿಗೆ ಥಟ್ಟನೆ ತಿಳಿಯಿತು.

"ಅದರಾಗ ತಪ್ಪಿಲ್ರಿ, ಸಾಹೇಬ್ರ" ಎಂದರು ಮೆತ್ತಗೆ. "ತಿದ್ದಾಕೇನೈತಿ? ಈ ಲಗ್ನದ್ದು ಬ್ಯಾರೆ ಬರೀತೇನಿ. ಬಂದು ಉಂಡ ಮ್ಯಾಲ."

ಇವತ್ತು ಬೆಳಗಿನಿಂದ ಜಮಖಾನದ ಮೇಲೆ ಕುಳಿತಿದ್ದೇನೆ. ಉಗುರೆಲ್ಲ ಹಳದಿ. ಪತ್ರಿಕೆಯಲ್ಲಿನ ತಪ್ಪು ಇನ್ನೂ ಸಿಕ್ಕಿಲ್ಲ. ಈಗ ಅದನ್ನು ಬದಿಗಿಟ್ಟು, ಕರೆಯಬೇಕಾದವರ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೇನೆ.