ಮಗಳು ಕಟ್ಟಿದ ಭಾಷೆಗೆ ಹೆದರಿ

ಸ್ನೇಹಿತರೇ, ಇವತ್ತು ಹದಿಮೂರು ವರ್ಷದ ಮಗಳು ಎಲ್ಲಿ ಬಾಯಿ ಬಿಡುತ್ತಾಳೋ ಎಂದು ಕಾರಿನಲ್ಲಿ ನಡುಗಿಬಿಟ್ಟೆ.

ಪಕ್ಕದ ಊರು ಐಸೆಲಿನ್‌ನಲ್ಲಿರುವ ಅವಳ ಡ್ಯಾನ್ಸ್ ಕ್ಲಾಸಿಗೆ ಹೊರಟಿದ್ದೆವು. ಅವಳು ತಾನೇ ಒಂದು ಹೊಸ ಭಾಷೆ ಕಟ್ಟುತ್ತಿದ್ದಾಳೆ. ಅದರಲ್ಲಿ ಪ್ರತಿ ಕ್ರಿಯಾಪದಕ್ಕೂ ಒಂದು ಬಾಲಂಗೋಚಿ ಸೇರಿಸಲೇಬೇಕಂತೆ. ಸ್ವಂತ ಇಷ್ಟದಿಂದ ಮಾಡಿದ್ದಾದರೆ 'ಲಾ', ಯಾರನ್ನೋ ಮೆಚ್ಚಿಸಲಿಕ್ಕೆ ಮಾಡಿದ್ದಾದರೆ 'ಝೋ'. ಎರಡನ್ನೂ ಬಿಟ್ಟು ಮಾತಾಡುವ ಹಾಗೇ ಇಲ್ಲ.

"ಹಾಗಾದ್ರೆ 'ಡ್ಯಾನ್ಸ್ ಮಾಡ್ತೀನಿ' ಅನ್ನು ನೋಡೋಣ" ಅಂದೆ, ತಮಾಷೆಗೆ.

ಅಂದಳು. ಕೊನೆಯಲ್ಲಿ 'ಝೋ' ಬಂತು. ಎಂಟು ವರ್ಷದಿಂದ ಕಲಿಯುತ್ತಿದ್ದಾಳೆ!

"ಪಿಯಾನೋ?"

"ಝೋ."

"ಭಾನುವಾರದ ಕನ್ನಡ ಕ್ಲಾಸು?"

"ಝೋ. ಸಾರಿ, ಅಮ್ಮಾ."

ಇನ್ನು ಕೇಳಿದರೆ ಕಷ್ಟವೆಂದು ರೇಡಿಯೋ ಹಾಕಿದೆ.

ಕ್ಲಾಸಿನ ಮುಂದೆ ಕಾರು ನಿಲ್ಲಿಸಿದಾಗ, ದಿನದಂತೆ ನನ್ನ ಕೆನ್ನೆಗೊಂದು ಮುತ್ತು ಕೊಟ್ಟಳು. ಆಮೇಲೆ ಕಣ್ಣರಳಿಸಿ, "ವೇಟ್, 'ಅಮ್ಮನಿಗೆ ಮುತ್ತು ಕೊಟ್ಟೆ' ಅನ್ನೋದನ್ನ ನನ್ನ ಲ್ಯಾಂಗ್ವೇಜಲ್ಲಿ ಹೇಳ್ಲಾ?" ಅಂದಳು.



"ಬೇಡ ಕಣೇ, ಲೇಟಾಯ್ತು, ಮೊದಲು ಇಳಿ!"

ಕ್ಲಾಸ್ ಶುರುವಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು.