ಅಳಿಸಿದ ಪರಮಾಣುಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಲಕ್ಷ್ಮೀ ನಗರದ ಒಂದು ಮರಾಠಿ ಶಾಲೆಯಲ್ಲಿ ತಾತ್ಕಾಲಿಕ ವಿಜ್ಞಾನ ಶಿಕ್ಷಕಿ. ನೌಕರಿ ಕಾಯಂ ಆಗಬೇಕಾದರೆ ಇನ್ಸ್‌ಪೆಕ್ಟರ್ ಬಂದು ನನ್ನ ಪಾಠ ಕೇಳಿ, ಮಕ್ಕಳ ನೋಟ್‌ಬುಕ್ ನೋಡಿ ಒಪ್ಪಬೇಕಿತ್ತು. ನೋಟ್‌ಬುಕ್ಕಿನ ಬಗ್ಗೆ ನನಗೆ ಧೈರ್ಯವೋ ಧೈರ್ಯ. ತಪ್ಪಾದದ್ದು ಹಾಳೆಯ ಮೇಲೆ ಉಳಿಯಕೂಡದು ಎಂಬುದು ನನ್ನ ಕಾನೂನು. ಅದನ್ನು ಮೊದಲ ಪುಟದಲ್ಲೇ ಬರೆಸಿದ್ದೆ. ರಬ್ಬರ್ ತರದವರಿಗೆ ನನ್ನಿಂದ ಮಂಗಳಾರತಿ ತಪ್ಪುತ್ತಿರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ, ಈಗಲೂ.

ಆ ತಿಂಗಳು ಒಂಬತ್ತನೆಯ ತರಗತಿಗೆ ಪರಮಾಣುವಿನ ಪಾಠ. ಕಣ್ಣಿಗೆ ಕಾಣದ ಪರಮಾಣುವನ್ನು ವಿಜ್ಞಾನಿಗಳು ಹೀಗಿರಬಹುದು ಎಂದು ಊಹಿಸಿ ಚಿತ್ರ ಬರೆದರು. ಹೊಸ ಪ್ರಯೋಗ ಬಂದಾಗ ಚಿತ್ರ ಬದಲಿಸಿದರು. ಮೊದಲು ಒಡೆಯಲಾಗದ ಗಟ್ಟಿ ಗುಂಡು. ಆಮೇಲೆ ರವೆಯ ಸಿಹಿ ಶಿರಾದೊಳಗೆ ದ್ರಾಕ್ಷಿ ಹುದುಗಿದಂತೆ ಎಲೆಕ್ಟ್ರಾನು ಹುದುಗಿದ ಉಂಡೆ. ಅದನ್ನು ತೋರಿಸಲೆಂದು ಡಬ್ಬಿ ತುಂಬ ಶಿರಾ ಒಯ್ದಿದ್ದೆ. ಪಾಠ ಮುಗಿಯುವ ಮೊದಲೇ ಡಬ್ಬಿ ಖಾಲಿ. ಮೂರನೆಯದರಲ್ಲಿ ನಡುವೆ ಪುಟ್ಟ ನ್ಯೂಕ್ಲಿಯಸ್, ಸುತ್ತ ಓಡುವ ಎಲೆಕ್ಟ್ರಾನುಗಳು. ನಾಲ್ಕನೆಯದರಲ್ಲಿ ಅವಕ್ಕೆ ಓಡಲು ಗೊತ್ತುಪಡಿಸಿದ ಉಂಗುರಗಳು. ದಿನಾ ಪಾಠ ಶುರುಮಾಡುವಾಗ "ನಿನ್ನೆಯದು ತಪ್ಪೆಂದು ಗೊತ್ತಾಯಿತು" ಎನ್ನುತ್ತಿದ್ದೆ.

ತಪಾಸಣೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿದವಳು ಪಾಠದ ಟಿಪ್ಪಣಿ ನೋಡಲು ಮೂರು ಸಲ ಒಳಗೆ ಹೋದೆ. ಬ್ಯಾಂಕಿಗೆ ಹೊರಟಿದ್ದ ಗಂಡ, "ಗಾಬರಿ ಯಾಕ? ನಿನ್ನ ಮಕ್ಕಳ ನೋಟ್‌ಬುಕ್ ಬರೋಬರ್ ಇರ್ತಾವ. ಜಲ್ದಿ ನಡಿ" ಎಂದರು.

ಪಾಠ ಚೆನ್ನಾಗಿಯೇ ಆಯಿತು. ಇನ್ಸ್‌ಪೆಕ್ಟರ್ ಮುಂದಿನ ಬೆಂಚಿನ ನೋಟ್‌ಬುಕ್ ತೆರೆದರು. ಇನ್ನೊಂದು ತೆರೆದರು, ಮತ್ತೊಂದು. "ನಾಲ್ಕು ಮಾಡೆಲ್ ಕಲಿಸಿದ್ದೀರಿ, ಎಲ್ಲರ ಹತ್ತಿರವೂ ಒಂದೇ ಇದೆಯಲ್ಲ?" ಎಂದು ಮರಾಠಿಯಲ್ಲಿ ಕೇಳಿದರು. ನೋಡಿದರೆ ಉಜ್ಜಿ ಉಜ್ಜಿ ಬೂದಿ ಬಣ್ಣಕ್ಕೆ ತಿರುಗಿದ ಹಾಳೆ, ಅದರ ಮೇಲೆ ಕೊನೆಯ ಚಿತ್ರವೊಂದೇ. ತಪ್ಪೆಂದ ಮೇಲೆ ಉಳಿಯಬಾರದಲ್ಲ! ಇಡೀ ತರಗತಿ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತ್ತು. ನೌಕರಿ ಹೋಯಿತೆಂದೇ ಅಂದುಕೊಂಡೆ. ಬೈಯೋಣವೆಂದರೆ ನನ್ನನ್ನೇ ಬೈದುಕೊಳ್ಳಬೇಕು.

ಆಗ ಮುಂದಿನ ಬೆಂಚಿನ ಹುಡುಗಿ ಎದ್ದಳು. ವಾಯುಪಡೆಯಲ್ಲಿದ್ದ ಕನ್ನಡದವರ ಮಗಳು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒತ್ತಿ ಬರೆದಿದ್ದ ಪೆನ್ಸಿಲಿನ ಗುರುತು ಹೋಗಿರಲಿಲ್ಲ: ಗುಂಡು, ದ್ರಾಕ್ಷಿಯ ಉಂಡೆ, ನ್ಯೂಕ್ಲಿಯಸ್, ಒಂದರ ಮೇಲೊಂದು. ಯಾವುದು ಯಾಕೆ ಬಿದ್ದುಹೋಯಿತೆಂದು ಬೆರಳಿಟ್ಟು ಮರಾಠಿಯಲ್ಲಿ ಪಟಪಟ ಹೇಳಿದಳು.

"ಕೊನೆಯದನ್ನು ಮಾತ್ರ ಇಷ್ಟು ತೆಳುವಾಗಿ ಬರೆದಿದ್ದೀಯಲ್ಲ, ಯಾಕೆ?" ಎಂದರು ಇನ್ಸ್‌ಪೆಕ್ಟರ್.

ಹುಡುಗಿ ಹೆದರಿ ನನ್ನತ್ತ ತಿರುಗಿದಳು. ಮರಾಠಿ ಮರೆತು ಮನೆಯ ಮಾತೇ ಬಂತು: "ಇದೂ ನಾಳೆ ತಪ್ಪು ಅಂತೀರಲ್ರಿ ಮೇಡಂ, ಅದಕ್ಕ ಹಗೂರ ಬರದೀನ್ರಿ."

ಅದನ್ನು ಮರಾಠಿಯಲ್ಲಿ ಅವರಿಗೆ ಹೇಳುವ ಪಾಳಿ ನನ್ನದಾಯಿತು. ಹೇಳುವಾಗ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಇನ್ಸ್‌ಪೆಕ್ಟರ್ ಜೋರಾಗಿ ನಕ್ಕು, ಅಲ್ಲೇ ಕೂತು ಒಳ್ಳೆಯ ವರದಿ ಬರೆದರು. ನೌಕರಿ ಕಾಯಂ ಆಯಿತು.

ಮರುದಿನ ತರಗತಿಗೆ ಹೋಗಿ ಎಂದಿನಂತೆ ಶುರುಮಾಡಿದೆ: "ಮೊದಲ ಪುಟದಲ್ಲಿ ಬರೆಸಿದ ಕಾನೂನು ತಪ್ಪೆಂದು ಗೊತ್ತಾಯಿತು."

ನಲವತ್ತು ಕೈಗಳು ರಬ್ಬರಿಗೆ ಹೋದವು.

"ಬೇಡ," ಎಂದೆ. "ಅದು ಅಲ್ಲೇ ಇರಲಿ."